ಯುದ್ಧದ ದೊಣ್ಣೆ

ಆಫ್ರಿಕಾದ ಹಳೇ ಬುಡಕಟ್ಟು ವಸ್ತುಗಳನ್ನು ಕೂಡಿಡುವ ಶಿವಮಲ್ಲಯ್ಯನವರ ಮನೆಗೆ ಮೊದಲ ಸಲ ಜುಲು ಜನಾಂಗದವರೇ ಒಬ್ಬರು ಊಟಕ್ಕೆ ಬಂದಿದ್ದರು. ಹೆಸರು ಥುಲಾನಿ, ಊರು ಡರ್ಬನ್.

ಶಿವಮಲ್ಲಯ್ಯ ಗೋಡೆಯಿಂದ ಗುಂಡುತಲೆಯ ದೊಣ್ಣೆಯೊಂದನ್ನು ಇಳಿಸಿ ಅತಿಥಿಯ ಕೈಗಿಟ್ಟರು.

"ಯುದ್ಧದ್ದು. ಇದರ ಏಟಿಗೆ ಏಳು ಜನ ಸತ್ತಿದ್ದಾರೆ ಅಂತ ಮಾರಿದವನು ಹೇಳಿದ. ನಿಜವಾ ಸಾರ್?"

ಥುಲಾನಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಒಮ್ಮೆ ಮೂಸಿದರು.

"ಏಳಲ್ಲ, ಒಂಬತ್ತು."

ಶಿವಮಲ್ಲಯ್ಯನವರ ಕಣ್ಣು ತುಂಬಿ ಬಂತು. ದೊಣ್ಣೆಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು ಮತ್ತೆ ಗೋಡೆಗೆ ತೂಗುಹಾಕಿದರು.

"ನಮ್ಮಪ್ಪನಿಗೂ ಇದೇ ಹುಚ್ಚು," ಎನ್ನುತ್ತಾ ಥುಲಾನಿ ಮೊಬೈಲ್ ತೆಗೆದರು. "ನಿಮ್ಮ ಕಡೆಯ ಆಯುಧ ಒಂದನ್ನು ಇಟ್ಟುಕೊಂಡಿದ್ದಾರೆ. ಐದು ಜನರನ್ನು ಕೊಂದಿದೆಯಂತೆ. ನೀವೇ ನೋಡಿ ಹೇಳಬೇಕು. ಅಪ್ಪನಿಗೆ ಈಗ ಎಂಬತ್ತೆರಡು."

ಫೋಟೋದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ, ಕೆಂಪು ಮಖಮಲ್ಲಿನ ಮೇಲೆ ಒಂದು ಮುದ್ದೆ ಕೋಲು ಮಲಗಿತ್ತು. ಅಂಥದ್ದೇ ಕೋಲಿನಲ್ಲಿ ಹೆಂಡತಿ ಅಡುಗೆಮನೆಯಲ್ಲಿ ರಾಗಿ ಹಿಟ್ಟು ತಿರುವುತ್ತಿದ್ದ ಸದ್ದು ಕೇಳುತ್ತಿತ್ತು.

ಶಿವಮಲ್ಲಯ್ಯ ಎದ್ದು ಹೋಗಿ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಬಂದರು. ಗೋಡೆಯ ಮೇಲಿನ ದೊಣ್ಣೆಯನ್ನು ಒಂದು ಸಲ ನೋಡಿದರು.

"ಐದಲ್ಲ ಸಾರ್, ಎಂಟು."