ಗಿಳಿ ಹಾರಿದ ಹಾಡು

ಹೆಡ್‌ಫೋನ್ ಹಾಕಿಕೊಂಡು ಮೈಕಿನ ಮುಂದೆ ಕೂತಿದ್ದ ಪಾರ್ವತೆವ್ವ ಒಮ್ಮೆಲೇ ಎದ್ದು, ಕೈಯಲ್ಲಿಲ್ಲದ ಕವಣೆಯನ್ನು ಗಿರ್ರನೆ ಬೀಸುತ್ತ, "ಹೋ... ಹೋಯ್!" ಎಂದು ಕೂಗಿಬಿಟ್ಟಳು.

ಗಾಜಿನ ಆಚೆ ಅವಳ ಮಗ ವಿರೂಪಾಕ್ಷ ಬೆಚ್ಚಿದ. ಪರದೇಶದ ಗ್ರೀನ್‌ಫರ್ಡ್ ಊರಿನ ಈ ಗೋದಾಮಿನ ಸ್ಟುಡಿಯೋದಲ್ಲಿ ಕೂತೇ ಅವನು ತಾನು ಎಂದೂ ಕಾಣದ ದ್ವೀಪಗಳ, ಕಾಡುಗಳ ಸಂಗೀತ ಹೆಣೆದು ಹೆಸರು ಮಾಡಿದವನು. 'ಎಕ್ಸಾಟಿಕಾ' ಎನ್ನುತ್ತಾರೆ ಅದಕ್ಕೆ. ಈ ಸಲ ಮಾತ್ರ ಗಿಳಿಗಳ ದನಿ ಎಷ್ಟು ಪೇರಿಸಿದರೂ ಹಾಡಿಗೆ ಜೀವ ಬಂದಿರಲಿಲ್ಲ. ಬೇಸತ್ತು, ನೀನೇ ಕೇಳು ಎಂದು ಅವ್ವನನ್ನು ಕೂರಿಸಿದ್ದ. ಮೈಕು ಆರಿಸುವುದನ್ನು ಮರೆತಿದ್ದರಿಂದ ಅವಳ ಕೂಗೂ ಹಾಡಿನೊಳಗೆ ದಾಖಲಾಗಿಬಿಟ್ಟಿತ್ತು.

"ಎಷ್ಟ್ ಗಿಳಿ ಬಿದ್ದಾವೋ ತಮ್ಮಾ! ಒಂದ್ ತೆನಿ ಉಳಸಂಗಿಲ್ಲ," ಎಂದಳು ಅವ್ವ, ಜೋಳದ ಹೊಲ ಕಾಯುವ ಮಂಚಿಕೆಯ ಮೇಲೆ ನಿಂತವಳ ಹಾಗೆ ಏದುಸಿರು ಬಿಡುತ್ತ. ಮರುಗಳಿಗೆ ನಾಚಿ, ಸೆರಗು ಬಾಯಿಗೆ ಹಿಡಿದಳು.

ವಿರೂಪಾಕ್ಷ ನಗಲಿಲ್ಲ. ಹಾಡನ್ನು ಹಿಂದಕ್ಕೆ ಸರಿಸಿ ಮತ್ತೆ ಹಾಕಿದ. ಅವ್ವನ ಕೂಗು ಬರುತ್ತಲೇ ಗಿಳಿಗಳ ದನಿಯನ್ನು ಪೂರ್ತಿ ಇಳಿಸಿದ. ಕಾಡೆಲ್ಲ ಗಪ್ಪಾಯಿತು.

"ಹೋದ್ವೇನೋ?" ಎಂದು ಕೇಳಿದಳು ಪಾರ್ವತೆವ್ವ, ಸಣ್ಣ ದನಿಯಲ್ಲಿ.

"ಹೋದ್ವು ಬೇ ಯವ್ವಾ. ಅಲ್ಲೇ ನಿಂದ್ರು. ಈಗ ಮತ್ತ ಬಿಡತೀನಿ, ಓಡಸು."