ಹೊಸಬಳಿಗೆ ಗುಲಾಬಿ

“ಹೋದ ಸಲ ಬಂದವಳು ಒಂದು ದಿನವೂ ಬಾಳಲಿಲ್ಲ,” ಎಂದರು ತಾತ, ಮೂಸಿದ ಕಾಗದದ ಪಟ್ಟಿಯನ್ನು ಮೂಗಿನಿಂದ ದೂರ ಹಿಡಿದು. “ಬೆಳಿಗ್ಗೆ ಎದ್ದು ನೋಡಿದ್ರೆ ಬಾಗಿಲ ಹತ್ರ ಸತ್ತು ಬಿದ್ದಿದ್ಲು. ಇದು ಬೇಡಮ್ಮ, ಘಾಟು ಜಾಸ್ತಿ. ಬೇರೆ ಗುಲಾಬಿ ತೋರಿಸಿ.”

ಅಂಗಡಿಯಾಕೆಯ ಕೈ ಸೀಸೆಯ ಮೇಲೇ ನಿಂತಿತು. ಹದಿನೆಂಟು ವರ್ಷದಿಂದ ಈ ಇಕ್ಕಟ್ಟು ಅಂಗಡಿಯಲ್ಲಿ ಆಕೆ ಸುಗಂಧ ಮಾರುತ್ತಿದ್ದಳು. ದೊಡ್ಡ ಸೀಸೆ ಕೊಳ್ಳುವ ಮುಂಚೆ ನಾಲ್ಕು ದಿನ ಹಚ್ಚಿ ನೋಡಲಿ ಎಂದು, ಬೆರಳ ಗೆಣ್ಣಿನಷ್ಟು ಪುಟ್ಟ ಸೀಸೆಗಳಲ್ಲಿ ಸ್ಯಾಂಪಲ್ ತುಂಬಿ ಕೊಡುವವಳು ಆ ಬೀದಿಯಲ್ಲಿ ಅವಳೊಬ್ಬಳೇ. ಹೀಗಾಗಿ ತರಹೇವಾರಿ ಗಿರಾಕಿಗಳನ್ನು ಕಂಡಿದ್ದಳು. ನಾಯಿಗೆ ಮಲ್ಲಿಗೆ ಕೇಳಿದವರಿದ್ದರು, ಅತ್ತೆ ಬರುವ ದಿನಕ್ಕೆಂದು ತಲೆನೋವು ತರುವ ಸಂಪಿಗೆ ಕೇಳಿದವಳಿದ್ದಳು. ಆದರೆ ಸಾವಿನ ಸುದ್ದಿಯನ್ನು ನಲ್ಲಿ ಸೋರುತ್ತಿದೆ ಎನ್ನುವ ಧಾಟಿಯಲ್ಲಿ ಹೇಳಿದವರು ಇವರೇ ಮೊದಲು.

“ಯಾರು ತಾತಾ, ಸೊಸೆನಾ?”

“ಸೊಸೆ ಅಂದ್ರೂ ಸರಿ, ಮನೆ ಒಡತಿ ಅಂದ್ರೂ ಸರಿ. ಮನೆಯವರಿಗೆ ಹಿಡಿಸಲಿಲ್ಲ. ಎಲ್ಲರೂ ಸೇರಿ ಮುಗಿಸಿಬಿಟ್ರು.”

ಆಕೆ ಕೈಗೆ ಸಿಕ್ಕ ಇನ್ನೊಂದು ಸೀಸೆಯ ಮುಚ್ಚಳ ತೆಗೆದು ಪಟ್ಟಿಗೆ ಮುಟ್ಟಿಸಿದಳು. ಗುಲಾಬಿಗೆ ಮಲ್ಲಿಗೆ ಬೆರೆಸಿದ್ದು, ಅಂಗಡಿಯಲ್ಲಿ ಅತಿ ಹೆಚ್ಚು ಓಡುವ ಮಾಲು. ತಾತ ಮೂಸಿದವರೇ ಎರಡು ಹೆಜ್ಜೆ ಹಿಂದೆ ಸರಿದರು.

“ಅಯ್ಯೋ, ಇದರ ಅಡಿಯಲ್ಲಿ ಬಾಳೆಹಣ್ಣಿನ ವಾಸನೆ ಇದೆ. ಇದನ್ನ ಹಚ್ಚಿದ್ರೆ ಮನೆ ಮಂದಿಯೆಲ್ಲಾ ಮೈಮೇಲೆ ಬೀಳ್ತಾರೆ. ಸ್ಪಿರಿಟ್ ಇರಬಾರದು, ಮೆತ್ತಗಿರಬೇಕು. ಹೊಸಬಳಿಗೂ ಮನೆಯವರಿಗೂ ಒಂದೇ ಪರಿಮಳ ಚಿಮುಕಿಸ್ತೀನಿ. ಆಗ ನಮ್ಮವಳೇ ಅಂದ್ಕೊಂಡು ಸುಮ್ಮನಾಗ್ತಾರೆ.”

“ಮನೇಲಿ ಎಷ್ಟು ಜನ?”

“ಎಣಿಸೋಕೆ ಹೋಗಿಲ್ಲ. ದುಡಿಯೋದೆಲ್ಲಾ ಹೆಂಗಸರೇ. ಗಂಡಸರು ಕೂತು ತಿನ್ನೋದು ಬಿಟ್ಟು ಹುಲ್ಲುಕಡ್ಡಿ ಎತ್ತಿಡಲ್ಲ.”

ಈ ಕೊನೆಯ ಮಾತು ಮಾತ್ರ ಆಕೆಗೆ ವಿಚಿತ್ರವೆನಿಸಲಿಲ್ಲ.

“ಈಗ ಹೊಸಬಳು ಎಲ್ಲಿದ್ದಾಳೆ?”

“ಕೂಡಿಹಾಕಿದ್ದೀನಿ. ಸಕ್ಕರೆ ಕೊಟ್ಟಿದ್ದೀನಿ, ಎರಡು ದಿನಕ್ಕೆ ಸಾಕು.”

“ಬರೀ ಸಕ್ಕರೆನಾ? ಮತ್ತೆ ಹಳೆಯವಳು?”

“ಅವಳಿಗೆ ವಯಸ್ಸಾಗಿತ್ತು, ಮಕ್ಕಳಾಗೋದು ಕಮ್ಮಿಯಾಗಿತ್ತು. ನಿನ್ನೆ ನಾನೇ ಮುಗಿಸಿದೆ.” ತಾತನ ದನಿ ಸ್ವಲ್ಪ ಇಳಿಯಿತು. “ಬೇಜಾರಾಗುತ್ತೆ ಅಮ್ಮ. ಮೂರು ವರ್ಷ ಮನೆ ನಡೆಸಿದವಳು. ಆದರೆ ಇಬ್ಬರು ಒಂದೇ ಮನೇಲಿ ಇರೋಕಾಗಲ್ಲ, ಹೋದ ಸಲವೇ ನೋಡಿದ್ನಲ್ಲ.”

ಮೆತ್ತನೆಯ ಗುಲಾಬಿ ಆಕೆಯ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ಆದರೂ, “ನಿಮಗೆ ಬೇಕಾದ್ದು ನಾಳೆ ಬರುತ್ತೆ, ಮನೆಗೇ ತಂದುಕೊಡ್ತೀನಿ, ವಿಳಾಸ ಬರೀರಿ,” ಎಂದಳು. ತಾತ ದುಂಡನೆಯ ಅಕ್ಷರದಲ್ಲಿ, ತಿರುವಿನ ಮರದ ಗುರುತು ಸಮೇತ ಬರೆದುಕೊಟ್ಟು, ಆಕೆಗೆ ಒಳ್ಳೆಯದಾಗಲಿ ಎಂದು ಹರಸಿ ಹೋದರು.

ಆಕೆಯ ಅಕ್ಕ ಪೊಲೀಸ್ ಠಾಣೆಯಲ್ಲಿ ಮುಖ್ಯ ಪೇದೆ. ಸುದ್ದಿಯನ್ನೆಲ್ಲ ಕೇಳಿ ತಂಗಿಯ ಹಣೆ ಮುಟ್ಟಿ ನೋಡಿದಳು.

“ಜ್ವರ ಇಲ್ಲ. ಆ ಸೀಸೆಗಳ ವಾಸನೆ ತಲೆಗೇರಿರಬೇಕು. ಇಷ್ಟು ಧಾರಾಳವಾಗಿ ತಪ್ಪೊಪ್ಪಿಕೊಳ್ಳೋ ಕೊಲೆಗಾರ ನನ್ನ ಸರ್ವಿಸ್‌ನಲ್ಲೇ ಸಿಕ್ಕಿಲ್ಲ ಕಣೇ.”

“ಸಿಗದೇ ಇದ್ದವನು ಈಗ ಸಿಕ್ಕಿದ್ದಾನೆ. ನೀನು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ.”

ಅಕ್ಕ ಲಾಠಿ ಕೈಗೆತ್ತಿಕೊಂಡಳು.

ಮರುದಿನ ಬಿಸಿಲಿಳಿಯುವ ಹೊತ್ತಿಗೆ ಇಬ್ಬರೂ ಆ ಮನೆಯ ಮುಂದೆ ನಿಂತರು. ಸುಣ್ಣ ಬಳಿದ ಚಿಕ್ಕ ಮನೆ, ಅಂಗಳದ ತುಂಬ ಹೂಗಿಡ. ಬಾಗಿಲಲ್ಲಿ ಒಂದೇ ಒಂದು ಜೊತೆ ಚಪ್ಪಲಿ. ಇಷ್ಟು ದೊಡ್ಡ ಸಂಸಾರದಲ್ಲಿ ಒಬ್ಬರಿಗೂ ಹೊರಗೆ ಹೋಗುವ ಸ್ವಾತಂತ್ರ್ಯವಿಲ್ಲ ಎಂದುಕೊಂಡು ಆಕೆ ಹಲ್ಲು ಕಚ್ಚಿದಳು. ಹಿತ್ತಲ ಕಡೆಯಿಂದ ಒಂದೇ ಸಮನೆ ಗುಜುಗುಜು ಕೇಳಿಬರುತ್ತಿತ್ತು. ಮನೆ ಮಂದಿಯೆಲ್ಲ ಅಲ್ಲಿ ಕಲೆತು ಏನೋ ಸಂಚು ನಡೆಸಿರಬೇಕು.

ಬಾಗಿಲು ತೆರೆದ ತಾತನ ಮುಖ ಅರಳಿತು. “ಸರಿಯಾದ ಹೊತ್ತಿಗೆ ಬಂದ್ರಿ. ಇವತ್ತೇ ಅವಳನ್ನ ಒಳಗೆ ಬಿಡಬೇಕು ಅಂತಿದ್ದೆ.” ಅಕ್ಕನ ಖಾಕಿಯನ್ನು ಕಂಡು ಅಳುಕಲೂ ಇಲ್ಲ. “ಆ ಕೋಲು ಬೀಸಬೇಡಿ ತಾಯಿ. ಅವರಿಗೆ ಕೋಪ ಬಂದ್ರೆ ನನ್ನ ಕೈಲಿ ತಡೆಯೋಕಾಗಲ್ಲ.”

ಅಕ್ಕನ ಲಾಠಿ ತಾನಾಗಿ ಕೆಳಗಿಳಿಯಿತು. ಅಂಗಡಿಯಾಕೆ ಮಾತ್ರ ಮುಂದೆ ಬಂದು ತಾತನಿಗೂ ಹಿತ್ತಲ ಬಾಗಿಲಿಗೂ ನಡುವೆ ನಿಂತಳು.

“ಅವಳು ಒಳಗೆ ಹೋಗಲ್ಲ. ನಾನು ಕರ್ಕೊಂಡು ಹೋಗ್ತೀನಿ. ನಮ್ಮನೆಯವರಿಗೂ ಹೇಳಿದ್ದೀನಿ. ಮಗಳ ಕೋಣೇಲಿ ಹಾಸಿಗೆ ಹಾಸಿ ಬಂದಿದ್ದೀನಿ. ಮೂರು ಹೊತ್ತು ಊಟ ಹಾಕ್ತೀನಿ, ಮುಂದೆ ಓದ್ತೀನಿ ಅಂದ್ರೆ ಓದಿಸ್ತೀನಿ. ಅವಳಿಗೂ ಒಂದು ಜೀವ ಇದೆ ತಾತಾ.”

ತಾತನ ಕಣ್ಣು ತೇವಗೊಂಡಂತಿತ್ತು. ಈ ಕಸುಬಿನಲ್ಲಿ ತಲೆ ಹಣ್ಣಾಗಿದ್ದರೂ ಇಂಥ ಅಂತಃಕರಣವನ್ನು ಅವರು ಕಂಡಿರಲಿಲ್ಲ.

“ಧಾರಾಳವಾಗಿ ಕರ್ಕೊಂಡು ಹೋಗಮ್ಮ,” ಎಂದು ಅವರು ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣದಷ್ಟು ಚಿಕ್ಕ ಜಾಲರಿ ಡಬ್ಬಿ ತೆಗೆದು, ಗಾಳಿ ತಾಕದಂತೆ ಆಕೆಯ ಅಂಗೈಯ ಮೇಲಿಟ್ಟರು. “ಆದರೆ ರಾಣಿಜೇನು ಹಾಸಿಗೆ ಮೇಲೆ ಮಲಗಲ್ಲ. ನಿಮ್ಮ ಮನೇಲಿ ಜೇನುಪೆಟ್ಟಿಗೆ ಇದೆಯಾ?”