ಹಳೇ ಪೆಟ್ಟಿಗೆಯಲ್ಲಿ ಜಾಗ

ಓಬೀರಾಯನ ಕಾಲದ ಕಂಪ್ಯೂಟರುಗಳಿಗೂ ಪ್ರೋಗ್ರಾಂ ಕಟ್ಟಿಕೊಡುವ ಕಂಪೈಲರ್ ಪ್ರೋಗ್ರಾಂ ಬರೆಯುತ್ತಿದ್ದ ಹುಡುಗಿಯ ಲ್ಯಾಪ್‌ಟಾಪಿನಲ್ಲಿ ಮತ್ತೆ ಕೈಚೆಲ್ಲಿತು: ಪ್ರೋಗ್ರಾಂ ದೊಡ್ಡದಾಯಿತು, ಕಾಗದ ಕತ್ತರಿಸುವ ಯಂತ್ರವನ್ನು ನಡೆಸುವ ಹಳೇ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಜಾಗ ಸಾಲದು.

“ಕೈ ಅಡ್ಡ ಬಂದ್ರೆ ಬ್ಲೇಡ್ ನಿಲ್ಲಿಸೋ ಭಾಗ ಇದ್ಯಲ್ಲ, ಅದನ್ನ ಕಿತ್ತುಹಾಕಮ್ಮ. ನಮ್ಮೋರೇನು ಎಳೆ ಮಕ್ಕಳಾ?” ಎಂದ ಪ್ರೆಸ್ಸಿನ ಯಜಮಾನ. ಬ್ಲೇಡಿನ ಪಕ್ಕದಲ್ಲಿ ಅವಳ ಅಕ್ಕ, ಮೂರೇ ಬೆರಳು ಉಳಿದ ಕೈಯಿಂದ ಕಾಗದದ ಅಂಚು ಸರಿಮಾಡುತ್ತಿದ್ದಳು.

ತಂಗಿ ಒಂದಿಷ್ಟು ಸಾಲು ಅಳಿಸಿದಳು. ಈ ಸಲ ಕಂಪೈಲರ್ ತಕರಾರು ಮಾಡಲಿಲ್ಲ. ಪ್ರೋಗ್ರಾಮನ್ನು ಪೆಟ್ಟಿಗೆಗೆ ತುಂಬಿ, ಯಂತ್ರ ಚಾಲೂ ಮಾಡಿ, ಇಳಿಯುತ್ತಿದ್ದ ಬ್ಲೇಡಿನ ಕೆಳಗೆ ತನ್ನದೇ ಕೈ ಚಾಚಿದಳು. ಬ್ಲೇಡು ಗಕ್ಕನೆ ನಿಂತಿತು.

“ಮತ್ತೇನು ತೆಗೆದೆ?” ಎಂದ ಯಜಮಾನ.

“ಯಂತ್ರ ಶುರುವಾದಾಗ ಪರದೆ ಮೇಲೆ ಹೂಬಳ್ಳಿ ಮಧ್ಯೆ ಮಿನುಗ್ತಿತ್ತಲ್ಲ ಸಾರ್, ನಿಮ್ಮ ಹೆಸರು,” ಕೈ ಹಿಂದಕ್ಕೆಳೆಯದೆಯೇ ಅಂದಳು. “ಅದನ್ನ.”